ಕೆಂಪು ಗುಂಡಿ, ಏಳು ಸಲ

ಕೆಂಪು ಗುಂಡಿ ಒತ್ತಿದೆ. ಅಡುಗೆಮನೆಯಲ್ಲಿ ಗಂಟೆ ಬಾರಿಸಬೇಕಿತ್ತು. ಬಾರಿಸಲಿಲ್ಲ.

ಬದಲಿಗೆ, ಗೋಡೆಯಗಲದ ಪರದೆಯಲ್ಲಿ ಪಿಸುಗುಟ್ಟುತ್ತಿದ್ದ ಕಪ್ಪುಬಿಳುಪು ನಾಯಕನ ದನಿ ಒಂದು ಮೆಟ್ಟಿಲು ಮೇಲೇರಿತು.

ಬೆರಳು ತಪ್ಪಿತೇನೋ ಎಂದು ಕನ್ನಡಕ ಒರೆಸಿಕೊಂಡು ಮತ್ತೆ ಒತ್ತಿದೆ. ಕೆಂಪೇ. ದನಿ ಇನ್ನೊಂದು ಮೆಟ್ಟಿಲು ಹತ್ತಿತು. ಮೂರನೇ ಸಲಕ್ಕೆ ಕಿಟಕಿಯ ಗಾಜು ಗಡಗಡ ಅಂದಿತು. ನಾಲ್ಕನೇ ಸಲಕ್ಕೆ ನನ್ನ ಬಾಯಿಯ ಕಟ್ಟಿಸಿದ ಹಲ್ಲು ಅದಕ್ಕೆ ತಾಳ ಹಾಕಿತು. ಐದು, ಆರು, ಏಳು. ಏಳನೆಯದಕ್ಕೆ ನಾಲ್ಕು ಬೀದಿಯ ನಾಯಿಗಳು ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟಿರಬೇಕು.

ಅಡುಗೆಮನೆಯಿಂದ ಮಾತ್ರ ಯಾರೂ ಓಡಿ ಬರಲಿಲ್ಲ.

ಇದೇ ಕುರ್ಚಿ, ಇದೇ ರಿಮೋಟು, ಇದೇ ಗುಂಡಿ. ನಿನ್ನೆ ಮಧ್ಯಾಹ್ನ ಗಂಟಲಿಗೆ ಕಫ ಕಟ್ಟಿ ನನ್ನ ತಮ್ಮ ಸತ್ತಾಗ ಅವನ ಹೆಬ್ಬೆರಳು ಇದರ ಮೇಲೇ ಇತ್ತು. ಗಂಟೆ ಕೇಳಿಯೂ ಬರಲಿಲ್ಲ ಎಂದು ನರ್ಸ್ ಹುಡುಗಿಯನ್ನು ಇವತ್ತು ನಾಲ್ಕಕ್ಕೆ ಇನ್‌ಸ್ಪೆಕ್ಟರು ಕರೆದೊಯ್ಯುವವರಿದ್ದರು. ಗೋಡೆಯ ಗಡಿಯಾರದಲ್ಲಿ ಮೂರೂ ಹತ್ತು.

ತಮ್ಮ ನಲವತ್ತು ವರ್ಷ ಟಾಕೀಸಿನ ಮೇಲಿನ ಕೋಣೆಯಲ್ಲಿ ಪ್ರೊಜೆಕ್ಟರ್ ಓಡಿಸಿದವನು. ಲಕ್ವ ಹೊಡೆದು ಮಾತು, ಬಲಗೈ, ಎರಡು ಕಾಲು ಹೋದ ಮೇಲೆ ಅವನಿಗೆ ಉಳಿದದ್ದು ಎಡಗೈಯ ಹೆಬ್ಬೆರಳು ಮತ್ತು ಹಠ. ಹಠ ಮೊದಲಿಗಿಂತ ಎರಡು ಪಾಲಾಗಿತ್ತು.

ಅವನ ಮಗ ಕೋಣೆಗೆ ದೊಡ್ಡ ಪರದೆ ಹಾಕಿಸಿ, ಸಾವಿರ ಸಿನಿಮಾ ನುಂಗಿದ ಒಂದು ಕಪ್ಪು ಡಬ್ಬಿ ತಂದಿಟ್ಟ. ಮೀಡಿಯಾ ಸೆಂಟರ್ ಎಂದು ಅದಕ್ಕೆ ಭಾರೀ ಹೆಸರು. ನಮ್ಮ ಬಾಯಲ್ಲಿ ಡಬ್ಬಿ. ರಿಪೇರಿಯ ವೈರಣ್ಣ ಬಂದು ಅದರ ರಿಮೋಟಿನ ಗುಂಡಿಗಳಿಗೆ ಹಳೇ ಕೆಲಸ ಬಿಡಿಸಿ ಹೊಸ ಕೆಲಸ ಹಚ್ಚಿಕೊಟ್ಟ. ಹಸಿರು ಒತ್ತಿದರೆ ನೀರು. ಹಳದಿ ಒತ್ತಿದರೆ ಮಗ್ಗುಲು ಬದಲಿಸಿ. ಕೆಂಪು ಒತ್ತಿದರೆ ಅಡುಗೆಮನೆಯ ಪುಟ್ಟ ಸ್ಪೀಕರಿನಲ್ಲಿ ಗಂಟೆ. ಉಸಿರು ಕಟ್ಟುತ್ತಿದೆ, ಕಫ ಎಳೆಯುವ ಮಿಷನ್ ಹಿಡಿದು ಓಡಿ ಬನ್ನಿ ಎಂದು ಅದರ ಅರ್ಥ. ರಿಮೋಟನ್ನು ಅವನ ಮಣಿಕಟ್ಟಿಗೆ ಲಾಡಿಯಿಂದ ಕಟ್ಟಿದ್ದೆವು. ಅವನ ನಾಲಿಗೆಯೇ ಅದು.

ಆ ಕೋಣೆಗೆ ಒಂದೇ ಕಾನೂನು. ಸಿನಿಮಾ ಓಡುವಾಗ ಬಾಗಿಲು ಒಂದು ಗೇಣು ಮಾತ್ರ ತೆರೆದಿರಬೇಕು. ಅದಕ್ಕಿಂತ ಹೆಚ್ಚು ತೆರೆದರೆ ಪರದೆಯ ಮೇಲೆ ಬೆಳಕು ಬೀಳುತ್ತದೆ. ಹಾಗೆ ತೆರೆದವರು ಸೊಸೆಯಾಗಲಿ, ಡಾಕ್ಟರಾಗಲಿ, ತಮ್ಮ ಅವರನ್ನು ಕಣ್ಣಿನಲ್ಲೇ ಸುಟ್ಟು ಬೂದಿ ಮಾಡುತ್ತಿದ್ದ. ಗಂಟೆ ಬಂದರೆ ಮಾತ್ರ ಒಳಗೆ ಕಾಲಿಡಬೇಕು ಎಂಬುದನ್ನು ಮನೆಮಂದಿಯೆಲ್ಲ ರೂಢಿ ಮಾಡಿಕೊಂಡಿದ್ದರು.

ಕಿವಿ ಮುಚ್ಚಿಕೊಂಡು ಅಳಿಯ ನುಗ್ಗಿ ಬಂದ. ತಮ್ಮನ ಮಗ, ನನಗೆ ಸೋದರಳಿಯ. ಮುಂದಿನ ಕೋಣೆಯಲ್ಲಿ ಕೂತು ಊರಿನ ಬೊಚ್ಚುಬಾಯಿಗಳಿಗೆಲ್ಲ ಹಲ್ಲಿನ ಸೆಟ್ಟು ಮಾಡುವವನು. ನಾನು ಅವನನ್ನು ಹಲ್ಲಪ್ಪ ಅನ್ನುತ್ತೇನೆ. ನನ್ನ ಬಾಯಲ್ಲಿರುವುದೂ ಅವನ ಕೈಕೆಲಸವೇ, ಹಾಗಾಗಿ ನಾನು ಬೈದರೂ ಅವನದೇ ಹಲ್ಲಿನಿಂದ ಬೈಯಬೇಕು.

"ಅತ್ತೆ, ಕಮ್ಮಿ ಮಾಡಿ. ನಿನ್ನೆ ಅಪ್ಪ, ಇವತ್ತು ನೀವು."

ನಾನು ದನಿ ಇಳಿಸಿದೆ. "ನಿನ್ನೆ ಅಪ್ಪ ಏನು ಮಾಡಿದ?"

"ಇದೇ. ಸತ್ತುಹೋಗೋ ಮುಂಚೆ ಸೌಂಡ್ ಏರಿಸ್ತಾನೇ ಹೋದ್ರು. ಒಂದೊಂದೇ ಸಲ, ನೀವು ಈಗ ಏರಿಸಿದ ಹಾಗೇ. ನಾನು ಡಾಕ್ಟ್ರ ಹತ್ರ ಫೋನಲ್ಲಿದ್ದೆ, ಒಂದಕ್ಷರ ಕೇಳಿಸ್ಲಿಲ್ಲ. ಪಕ್ಕದ ಮನೆ ಟೈಲರ್ ಬಂದು ಜಗಳ ಆಡಿ ಹೋದ."

"ನೀನು ಏನು ಮಾಡ್ದೆ?"

"ಕಮ್ಮಿ ಮಾಡಪ್ಪ ಅಂತ ಕೂಗಿದೆ."

"ಆಮೇಲೆ?"

ಅವನು ಕೈ ನೋಡಿಕೊಂಡ. ಕೈ ತುಂಬ ಅಚ್ಚಿನ ಪುಡಿ ಮೆತ್ತಿಕೊಂಡಿತ್ತು.

"ಆಮೇಲೆ ಏನೋ? ಬಾಯಿ ಬಿಡು. ನಿನ್ನ ಹಲ್ಲು ಗಟ್ಟಿಯಾಗೇ ಇದೆಯಲ್ಲ."

"ಬಾಗಿಲು ಎಳ್ಕೊಂಡೆ."

"ಯಾವ ಬಾಗಿಲು?"

"ಈ ಬಾಗಿಲು, ಅತ್ತೆ. ಸೌಂಡ್ ತಡೀಲಾರದೆ ಪೂರ್ತಿ ಹಾಕಿಬಿಟ್ಟೆ. ಒಳಗೆ ನೋಡ್ಲಿಲ್ಲ. ಕುರ್ಚಿ ಬೆನ್ನಷ್ಟೇ ಕಾಣಿಸ್ತು."

ನಾನು ರಿಮೋಟನ್ನು ಅವನ ಮುಂದೆ ಹಿಡಿದೆ. ಅವನು ನೋಡುತ್ತಿದ್ದಂತೆ ಕೆಂಪು ಗುಂಡಿಯನ್ನು ಒಂದೇ ಒಂದು ಸಲ ಒತ್ತಿದೆ. ದನಿ ಏರಿತು.

ಅವನಿಗೆ ತಕ್ಷಣ ಹೊಳೆಯಲಿಲ್ಲ. ಹೊಳೆದಾಗ ಅವನ ಮುಖ ನೋಡಬಾರದಿತ್ತು. ಎರಡು ಕೈಯಲ್ಲೂ ಬಾಗಿಲ ಚೌಕಟ್ಟು ಹಿಡಿದು ನಿಂತ. ಚೌಕಟ್ಟು ಹಿಡಿದದ್ದು ಒಳ್ಳೆಯದಾಯಿತು.

"ಅದು ಸೌಂಡ್ ಅಲ್ವಾ, ಅತ್ತೆ?"

"ಅಲ್ಲ ಕಣೋ. ಅಪ್ಪ ಕರೀತಿದ್ದ."

*

ನರ್ಸ್ ಹುಡುಗಿ ಅಡುಗೆಮನೆಯ ಮೂಲೆಯಲ್ಲಿ ಬ್ಯಾಗಿನ ಮೇಲೆ ಕೈಯಿಟ್ಟು ಕೂತಿದ್ದಳು. ಎರಡು ಜೊತೆ ಬಟ್ಟೆ, ಒಂದು ಬಾಚಣಿಗೆ, ಕೆಲಸದ ಸರ್ಟಿಫಿಕೇಟು, ಇಷ್ಟನ್ನು ಅವಳು ಬೆಳಗ್ಗೆಯಿಂದ ಹತ್ತು ಸಲ ಮಡಿಸಿರಬೇಕು. ಠಾಣೆಗೆ ಒಮ್ಮೆ ಹೋಗಿ ಬಂದ ನರ್ಸನ್ನು ಯಾವ ಮನೆಯವರೂ ರೋಗಿಯ ಹತ್ತಿರ ಬಿಡುವುದಿಲ್ಲ. ಜೈಲಾದರಂತೂ ಆ ಸರ್ಟಿಫಿಕೇಟು ಒಲೆಗೆ.

"ಗಂಟೆ ಬರಲಿಲ್ಲ ಅಂತ ನಿನ್ನೆಯಿಂದ ಹೇಳ್ತಿದ್ದೀನಿ, ಅಜ್ಜಿ," ಅಂದಳು. "ಹಿತ್ತಿಲಲ್ಲಿ ಬಟ್ಟೆ ಹಿಂಡ್ತಿದ್ದೆ. ಗಂಟೆ ಬಂದಿದ್ರೆ ಅಲ್ಲಿಗೂ ಕೇಳೋದು. ಸೌಂಡ್ ಜಾಸ್ತಿಯಾಯ್ತು. ತಾತ ಫೈಟಿಂಗ್ ಸೀನ್ ನೋಡ್ತಿದ್ದಾರೆ ಅಂದ್ಕೊಂಡೆ."

"ನಂಬ್ತೀನಿ ಕಣೇ. ಬ್ಯಾಗಿಂದ ಕೈ ತೆಗಿ, ಅದೇನು ಓಡಿಹೋಗಲ್ಲ."

ಅಳಿಯನ ಹೆಂಡತಿ ಒಲೆಯ ಮುಂದೆ ನಿಂತು ಟೀ ಸೋಸುತ್ತಿದ್ದಳು. ಎರಡು ಬೀದಿ ಆಚೆಯ ಶಾಲೆಯಲ್ಲಿ ಲೆಕ್ಕದ ಟೀಚರು. ನಿನ್ನೆ ಸುದ್ದಿ ತಿಳಿದು ಒಂದು ಗಂಟೆಗೆ ಓಡಿ ಬಂದವಳು ಇವತ್ತು ರಜೆ ಹಾಕಿದ್ದಳು. ತೂಕದ ಹೆಂಗಸು. ನಾನು ದಿನಕ್ಕೆ ಸಾವಿರ ಮಾತಾಡಿದರೆ ಅವಳು ಒಂದಾಡುತ್ತಾಳೆ, ಆ ಒಂದರಲ್ಲಿ ನನ್ನ ಸಾವಿರ ಮುಗಿದಿರುತ್ತದೆ.

"ವೈರಣ್ಣನ್ನ ಕರೆಸಿ, ದೊಡ್ಡತ್ತೆ," ಅಂದಳು. "ಡಬ್ಬಿ ತಾನಾಗೇ ಕೆಟ್ಟಿರಬಹುದು."

ವೈರಣ್ಣನನ್ನು ನಾನು ಆಗಲೇ ಕರೆಸಿದ್ದೆ. ಆಸಾಮಿ ಕೊರಳಿಗೆ ನಾಲ್ಕು ಬಣ್ಣದ ವೈರು ಸುತ್ತಿಕೊಂಡು, ಮದುವೆಗೆ ಬಂದವನ ಹಾಗೆ ಬಂದ. ಸಾವಿನ ಮನೆ ಎಂದು ನೆನಪಾಗಿ ವೈರು ತೆಗೆದು ಜೇಬಿಗೆ ತುರುಕಿದ.

"ಡಬ್ಬಿ ತಾನಾಗೇ ಗುಂಡಿ ಬದಲಾಯಿಸಲ್ಲ, ಅಜ್ಜಿ. ಯಾರೋ ಬದಲಾಯಿಸಬೇಕು."

"ಯಾರು ಅಂತ ಅದಕ್ಕೆ ಗೊತ್ತಿರುತ್ತಾ?"

"ಅದು ಡೈರಿ ಬರೆಯುತ್ತೆ. ಯಾವ ಗುಂಡಿ ಎಷ್ಟು ಹೊತ್ತಿಗೆ ಒತ್ತಿದ್ರು, ಯಾವ ಗುಂಡಿ ಕೆಲಸ ಯಾರ ಫೋನಿಂದ ಬದಲಾಯ್ತು, ಎಲ್ಲಾ ಇರುತ್ತೆ. ನಿಮ್ಮ ಮನೇಲಿ ನಾಲ್ಕು ಫೋನ್ ಇದಕ್ಕೆ ಸೇರಿಸಿಕೊಟ್ಟಿದ್ದೆನಲ್ಲ."

ನಾವು ತಮ್ಮನ ಕೋಣೆಗೆ ಬಂದೆವು. ಪರದೆಯ ಮೇಲಿದ್ದ ನಾಯಕ ಮಾಯವಾಗಿ ಇರುವೆ ಸಾಲಿನಂಥ ಅಕ್ಷರಗಳು ಬಂದವು. ವೈರಣ್ಣ ಕೆಳಗಿನಿಂದ ಮೇಲಕ್ಕೆ ಓದುತ್ತ ಬಂದ.

"ನಿನ್ನೆ ಹನ್ನೆರಡು ಗಂಟೆ ಏಳು ನಿಮಿಷ. ಕೆಂಪು. ಸೌಂಡ್ ಒಂದು ಮೆಟ್ಟಿಲು. ಕೆಂಪು. ಇನ್ನೊಂದು. ಕೆಂಪು…"

"ಎಷ್ಟು ಸಲ?"

"ಏಳು."

ಅಳಿಯ ಗೋಡೆಗೆ ಹಣೆ ಒತ್ತಿಕೊಂಡ. ಕೊನೆಯ ಎರಡರ ನಡುವೆ ಒಂದು ನಿಮಿಷ ಕಳೆದಿದೆ ಎಂದು ವೈರಣ್ಣ ಹೇಳಲು ಹೋದ. ಸಾಕು ಎಂದು ಕೈ ಅಡ್ಡ ಹಿಡಿದೆ.

"ಬದಲಾಯಿಸಿದ್ದು ಯಾರು, ಅದನ್ನ ಓದು. ಬೆಳಗ್ಗೆಯಿಂದ ಹಿಡಿ."

ಅವನು ಪಟ್ಟಿಯನ್ನು ಮೇಲಕ್ಕೆ ಎಳೆದ. ಒಂದು ಸಾಲಿನ ಹತ್ತಿರ ಬೆರಳು ನಿಂತಿತು. ಆ ಸಾಲು ನೋಡಿದ, ನನ್ನನ್ನು ನೋಡಿದ, ಮತ್ತೆ ಆ ಸಾಲು ನೋಡಿದ.

"ಏನಯ್ಯಾ, ಅಲ್ಲಿ ದೆವ್ವ ಕೂತಿದೆಯಾ?"

"ಹತ್ತು ನಲವತ್ತಕ್ಕೆ ಕೆಂಪು ಗುಂಡಿಗೆ ಗಂಟೆ ತೆಗೆದು ಸೌಂಡ್ ಹಾಕಿದ್ದಾರೆ."

"ಯಾರ ಫೋನಿಂದ?"

ವೈರಣ್ಣ ಜೇಬಿನ ವೈರನ್ನು ಇನ್ನೂ ಒಳಕ್ಕೆ ತುರುಕಿದ.

"ನಿಮ್ಮದರಿಂದ, ಅಜ್ಜಿ."

*

ಈ ವಯಸ್ಸಿಗೆ ನನ್ನ ಎದೆ ಎಷ್ಟೋ ಸಲ ನಿಂತು ಓಡಿದೆ. ಆದರೆ ಈ ಸಲ ನಿಂತದ್ದು ಮತ್ತೆ ಓಡಲು ಬಹಳ ಹೊತ್ತು ಹಿಡಿಯಿತು.

ನಿನ್ನೆ ಬೆಳಗ್ಗೆ ಬಂದು ತಮ್ಮನ ಪಕ್ಕ ಕೂತು ಸಿನಿಮಾ ನೋಡಿದ್ದೆ. ನನ್ನ ಎಡಗಿವಿ ಮಂದ. ಅವನ ಕೈಯಿಂದ ರಿಮೋಟು ಕಿತ್ತುಕೊಳ್ಳಬಾರದೆಂದೇ ನನ್ನ ಫೋನಿಗೂ ಅದರ ಚಿತ್ರ ಹಾಕಿಕೊಟ್ಟಿದ್ದರು. ಅದರಲ್ಲಿ ಸೌಂಡಿನ ಗುಂಡಿ ಸಾಸಿವೆ ಕಾಳಿನಷ್ಟು, ಕೆಂಪು ಗುಂಡಿ ಟೊಮೆಟೊ ಹಣ್ಣಿನಷ್ಟು. ಗುಂಡಿಗೆ ಕೆಲಸ ಬದಲಾಯಿಸುವುದನ್ನು ವೈರಣ್ಣ ಮನೆಮಂದಿಗೆಲ್ಲ ಒಂದೇ ದಿನ ಕಲಿಸಿದ್ದ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ಎಲ್ಲರಿಗಿಂತ ಮೊದಲು ಕಲಿತೆನೆಂದು ನಾನು ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದೆ. ಟೊಮೆಟೊವನ್ನು ಅದುಮಿ ಹಿಡಿದು, ಅದಕ್ಕೆ ಸೌಂಡು ಹಚ್ಚಿ, ಹಾಯಾಗಿ ಕೇಳಿಸಿಕೊಂಡೆ. ನನ್ನ ಫೋನಿನ ಗುಂಡಿ ನನ್ನದು, ಅವನ ಕೈಯ ಗುಂಡಿ ಅವನದು ಅಂದುಕೊಂಡಿದ್ದೆ.

ಆಗ ತಮ್ಮ ನನ್ನ ಕಡೆ ತಿರುಗಿ ಕಣ್ಣು ಕೆಂಪಗೆ ಮಾಡಿದ್ದ. ಸದ್ದು ಜಾಸ್ತಿಯಾಯಿತೆಂದು ಗದರುತ್ತಿದ್ದಾನೆ ಅನ್ನಿಸಿ, ಮೂತಿ ತಿರುವಿ ಅಣಕಿಸಿ, ಹನ್ನೊಂದಕ್ಕೆ ಎದ್ದು ಮನೆಗೆ ಹೋಗಿದ್ದೆ.

"ಫೋನಲ್ಲಿ ಬದಲಾಯಿಸಿದ್ರೆ ರಿಮೋಟಲ್ಲೂ ಬದಲಾಗುತ್ತಾ?" ನನ್ನ ದನಿ ಎಲ್ಲಿಂದ ಬಂತೋ.

"ಎಲ್ಲಾ ಕಡೆ ಬದಲಾಗುತ್ತೆ. ಡಬ್ಬಿ ಒಂದೇ ಅಲ್ವಾ, ಅಜ್ಜಿ."

ಅಳಿಯ ಗೋಡೆಯಿಂದ ಹಣೆ ತೆಗೆದ. "ಅತ್ತೆ, ನೀವಾ?"

"ನಾನೇ ಅಂತ ಬರೆದಿದೆ."

"ಆಗಿನಿಂದ ನನ್ನ ನಿಲ್ಲಿಸಿಕೊಂಡು ಬಾಯಿ ಬಿಡು, ಬಾಯಿ ಬಿಡು ಅಂತಿದ್ರಿ."

"ಅಂದೆ."

"ಸಿಸ್ಟರ್ ಬ್ಯಾಗ್ ಕಟ್ಕೊಂಡು ಕೂತಿದ್ದಾಳೆ. ನಾನು ನಿನ್ನೆಯಿಂದ ಒಂದು ತುತ್ತು ನುಂಗಿಲ್ಲ. ಎಲ್ಲಾ ನಿಮ್ಮ ಒಂದು ಕಿವಿಗೋಸ್ಕರ, ಅತ್ತೆ?"

ಆಗಲೇ ಮುಂಬಾಗಿಲಲ್ಲಿ ಬೂಟಿನ ಸದ್ದಾಯಿತು.

ಇನ್‌ಸ್ಪೆಕ್ಟರು ಹೇಳಿದ ಹೊತ್ತಿಗೆ ಸರಿಯಾಗಿ ಬಂದಿದ್ದರು. ಒಣಕಲು ಮನುಷ್ಯ, ನಗುವುದಕ್ಕೂ ಮೇಲಿನವರ ಅಪ್ಪಣೆ ಬೇಕೇನೋ ಅನ್ನುವಂಥವರು. ಹಿಂದೆ ಒಬ್ಬ ಮಹಿಳಾ ಪೇದೆ.

"ಎಲ್ಲಮ್ಮಾ ನರ್ಸು? ಹೊರಡು."

"ಆ ಹುಡುಗಿ ಬೇಡ, ಸಾಹೇಬ್ರೇ," ಅಂದೆ. ಕೂತೇ ಕೈ ಮುಂದೆ ಚಾಚಿದೆ. "ನನ್ನ ಕರ್ಕೊಂಡು ಹೋಗಿ. ಗಂಟೆ ತೆಗೆದದ್ದು ನಾನು."

ಎಲ್ಲವನ್ನೂ ಹೇಳಿದೆ. ಟೊಮೆಟೊ ಸಮೇತ. ಅವರು ನಿಂತೇ ಕೇಳಿದರು. ಪೇದೆಯಮ್ಮ ನನ್ನನ್ನು ನೋಡಿ ಕಣ್ಣು ಕೆಳಗೆ ಹಾಕಿದಳು.

"ಅಲ್ಲ ಸಾರ್, ಅಜ್ಜಿದಲ್ಲ ತಪ್ಪು."

ನರ್ಸ್ ಹುಡುಗಿ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಅಜ್ಜಿ ಹೋದ ಮೇಲೆ ತಾತನ್ನ ಮಗ್ಗುಲು ಬದಲಾಯಿಸಿದೆ. ಪ್ರತಿ ಸಲ ಆವಾಗ ಗಂಟೆ ಒತ್ತಿ ನೋಡ್ತೀನಿ. ಗಂಟೆ ಬರಲಿಲ್ಲ, ಸೌಂಡ್ ಬಂತು. ನನ್ನ ಫೋನಿಂದ ಸರಿ ಮಾಡ್ದೆ. ಮತ್ತೆ ಒತ್ತಿ ನೋಡ್ದೆ, ಗಂಟೆ ಬಂತು. ಹನ್ನೊಂದೂಕಾಲು ಇರಬಹುದು."

"ಇದನ್ನ ನಿನ್ನೆಯೇ ಯಾಕೆ ಹೇಳಲಿಲ್ಲ?" ಇನ್‌ಸ್ಪೆಕ್ಟರು ಕೇಳಿದರು.

ಅವಳು ನನ್ನ ಕಡೆ ನೋಡಿದಳು. "ಮೊದಲು ಯಾರು ಬದಲಾಯಿಸಿದ್ರು ಅಂತ ಅದರಲ್ಲಿ ತೋರಿಸುತ್ತೆ ಸಾರ್. ಅಜ್ಜಿ ಹೆಸರು ಬರುತ್ತಲ್ಲ ಅಂತ."

ನನಗೆ ತಲೆ ಎತ್ತಲಾಗಲಿಲ್ಲ. ಜೈಲಿಗೆ ಬ್ಯಾಗು ಕಟ್ಟಿಕೊಂಡು ಕೂತವಳು ನನ್ನ ಹೆಸರನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡಿದ್ದಳು. ನಾನು ದೊಡ್ಡ ಪತ್ತೇದಾರಿಣಿಯ ಹಾಗೆ ಅವಳಿಗೆ ಧೈರ್ಯ ಹೇಳಿದ್ದೆ.

"ಓದಯ್ಯಾ," ಇನ್‌ಸ್ಪೆಕ್ಟರು ವೈರಣ್ಣನಿಗೆ ಹೇಳಿದರು.

"ಸರಿ ಇದೆ ಸಾರ್. ಹನ್ನೊಂದು ಹನ್ನೆರಡು, ಸಿಸ್ಟರ್ ಫೋನು, ಕೆಂಪಿಗೆ ವಾಪಸ್ ಗಂಟೆ. ಹನ್ನೊಂದು ಹದಿಮೂರು, ಕೆಂಪು ಒತ್ತಿದ್ದಾರೆ, ಗಂಟೆ ಬಂದಿದೆ."

"ಹಾಗಿದ್ರೆ ಹನ್ನೆರಡು ಗಂಟೆಗೆ ಸೌಂಡ್ ಹೇಗೆ ಬಂತು?"

ಡಬ್ಬಿಯೊಳಗಿನ ಪುಟ್ಟ ಫ್ಯಾನು ಗುಂಯ್ ಅನ್ನುತ್ತಿತ್ತು.

ವೈರಣ್ಣ ಇನ್ನೊಂದು ಸಾಲು ಕೆಳಗಿಳಿದ.

"ಹನ್ನೊಂದು ನಲವತ್ತೆಂಟು," ಅಂದ. "ಮತ್ತೆ ಬದಲಾಯಿಸಿದ್ದಾರೆ. ಗಂಟೆ ತೆಗೆದು ಸೌಂಡ್. ಯಾವ ಫೋನಿಂದಲೂ ಅಲ್ಲ ಸಾರ್. ತಾತನ ಕೈಲಿದ್ದ ರಿಮೋಟಿಂದ."

"ಅವರೇ ಗೊತ್ತಿಲ್ಲದೆ ಒತ್ತಿರಬಹುದು."

"ಆಗಲ್ಲ ಸಾರ್." ವೈರಣ್ಣ ತನ್ನ ಚೀಲದಿಂದ ಅಂಥದೇ ಇನ್ನೊಂದು ರಿಮೋಟು ತೆಗೆದ. "ರಿಮೋಟಿಂದ ಬದಲಾಯಿಸಬೇಕಾದ್ರೆ ಮೇಲಿನ ಮೂಲೆ ಗುಂಡಿ, ಕೆಳಗಿನ ಮೂಲೆ ಗುಂಡಿ, ಎರಡನ್ನೂ ಒಟ್ಟಿಗೆ ಐದು ಸೆಕೆಂಡ್ ಅದುಮಿ ಹಿಡಿಬೇಕು. ಹೀಗೆ. ನೋಡಿ, ನನಗೇ ಎರಡು ಕೈ ಬೇಕು."

ತಮ್ಮನಿಗೆ ಇದ್ದದ್ದು ಒಂದು ಹೆಬ್ಬೆರಳು.

ಅಂದರೆ ಯಾರೋ ಆ ಬಾಗಿಲನ್ನು ಒಂದು ಗೇಣಿಗಿಂತ ಹೆಚ್ಚು ತೆರೆದಿದ್ದರು. ಪರದೆಯ ಮೇಲೆ ಬೆಳಕು ಬಿದ್ದಿತ್ತು. ತಮ್ಮ ಕಣ್ಣು ಬಿಟ್ಟು ನೋಡಿದ್ದ. ಅವರು ಅವನೆದುರು ಬಗ್ಗಿ, ಮಣಿಕಟ್ಟಿಗೆ ಕಟ್ಟಿದ್ದ ಅವನ ನಾಲಿಗೆಯನ್ನು ಎರಡು ಕೈಯಲ್ಲಿ ಹಿಡಿದು, ನಿಧಾನವಾಗಿ ಐದು ಎಣಿಸಿದ್ದರು. ಅವನು ಎಲ್ಲ ನೋಡುತ್ತ ಕೂತಿದ್ದ. ಕೂಗಲು ಬಾಯಿಲ್ಲ.

ನನ್ನ ತಪ್ಪನ್ನು ಯಾರೋ ಫೋನಿನಲ್ಲಿ ಕಂಡು, ಕಲಿತು, ಬೇಕೆಂದೇ ಮಾಡಿದ್ದರು.

"ಆಗ ನೀನೆಲ್ಲಿದ್ದೆ?" ಇನ್‌ಸ್ಪೆಕ್ಟರು ನರ್ಸನ್ನು ಕೇಳಿದರು.

"ಮೆಡಿಕಲ್ ಶಾಪಿಗೆ ಹೋಗಿದ್ದೆ ಸಾರ್. ಕಫ ಎಳೆಯೋ ಪೈಪ್ ಮುಗಿದಿತ್ತು." ಬ್ಯಾಗಿನಿಂದ ಚೀಟಿ ತೆಗೆದು ಕೊಟ್ಟಳು. ಅದರ ಮೇಲೆ ಹನ್ನೊಂದು ನಲವತ್ತಾರು ಎಂದು ಅಚ್ಚಾಗಿತ್ತು.

ಅವರು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಅಂಗಡಿ ಗಡಿಯಾರ ಹಿಂದೆ ಮುಂದೆ ಇರಬಹುದು. ಬೇರೆ ಯಾರಾದ್ರೂ ತಂದುಕೊಟ್ಟಿರಬಹುದು. ಬದಲಾಯಿಸೋದು ನಿನಗೆ ಗೊತ್ತು ಅಂತ ನೀನೇ ಹೇಳಿದ್ದೀಯ. ಮನೇಲಿ ಇನ್ಯಾರಿದ್ರು?"

"ನಾನೊಬ್ಬನೇ," ಅಳಿಯ ಹೇಳಿದ. "ಮುಂದಿನ ಕೋಣೇಲಿ ಅಚ್ಚು ಹಾಕ್ತಿದ್ದೆ. ಹಿತ್ತಿಲ ಬಾಗಿಲು ತೆರೆದೇ ಇರುತ್ತೆ. ಯಾರು ಬಂದ್ರು, ಯಾರು ಹೋದ್ರು, ನನಗೆ ತಿಳಿಯಲ್ಲ."

"ಯಾರು ಅಂತ ತೋರಿಸೋ ಒಂದು ಗುರುತೂ ಇಲ್ಲ. ಗುರುತು ಸಿಗೋ ತನಕ ಇವಳು ನಮ್ಮ ಹತ್ರ ಇರಲಿ. ನಡಿಯಮ್ಮ."

ಪೇದೆಯಮ್ಮ ಹುಡುಗಿಯ ತೋಳಿಗೆ ಕೈ ಹಾಕಿದಳು. ಹುಡುಗಿ ಅಳಲಿಲ್ಲ. ಅಳುವುದನ್ನು ನಿನ್ನೆಯೇ ಮುಗಿಸಿದ್ದಳೇನೋ.

ನಾನು ಮಡಿಲಲ್ಲಿದ್ದ ರಿಮೋಟನ್ನು ಕಿಟಕಿಯ ಬೆಳಕಿಗೆ ಹಿಡಿದೆ. ನಿನ್ನೆ ಇನ್‌ಸ್ಪೆಕ್ಟರು ಅದನ್ನು ಎತ್ತಿಯೂ ನೋಡಿರಲಿಲ್ಲ. ನಾನು ಒತ್ತಿದ್ದು ಕೆಂಪು ಒಂದನ್ನೇ, ಸೌಂಡ್ ಇಳಿಸಿದ್ದು ನನ್ನ ಫೋನಿನಿಂದ. ಮೂಲೆಯ ಗುಂಡಿಗಳನ್ನು ತಮ್ಮ ಎರಡು ವರ್ಷದಲ್ಲಿ ಮುಟ್ಟಿದವನಲ್ಲ. ಅವು ಅಂಟು ಧೂಳು ಹಿಡಿದು ಕಪ್ಪಗಿರಬೇಕಿತ್ತು.

ಮೇಲಿನ ಮೂಲೆಯ ಗುಂಡಿಯ ಸುತ್ತ, ಸಂದಿನಲ್ಲಿ, ಒಂದು ಗೆರೆ ಪುಡಿ ಕೂತಿತ್ತು. ಕೆಳಗಿನ ಮೂಲೆಯಲ್ಲೂ ಅದೇ. ನಡುವಿನ ಗುಂಡಿಗಳಲ್ಲಿ ಎಲ್ಲೂ ಇಲ್ಲ.

ಕಿರುಬೆರಳ ಉಗುರಿನಿಂದ ಕೆರೆದೆ. ಉಗುರಿನ ತುದಿ ಬೆಳ್ಳಗಾಯಿತು.

ನಾನು ಯಾರ ಕಡೆಯೂ ನೋಡಲಿಲ್ಲ. ನೋಡಿದರೆ ಅಳಿಯನ ಕೈ ಕಾಣುತ್ತಿತ್ತು. ಅಚ್ಚಿನ ಪುಡಿ ಮೆತ್ತಿದ ಆ ಕೈಯನ್ನು ನಾನು ಅವನು ಮೂರು ತಿಂಗಳಿನವನಿದ್ದಾಗಿನಿಂದ ಹಿಡಿದಿದ್ದೇನೆ. ಅವನ ತಾಯಿ ಹೋದ ಮೇಲೆ ಅವನಿಗೆ ಉಣ್ಣಿಸಿದ್ದು, ಉಚ್ಚೆ ಬಟ್ಟೆ ಒಗೆದದ್ದು, ಇಂಗ್ಲಿಷ್ ಅಕ್ಷರ ತಿದ್ದಿಸಲು ಬಾರದೆ ಅವನ ಜೊತೆ ಕೂತು ನಾನೇ ಕಲಿತದ್ದು, ಎಲ್ಲ ಒಟ್ಟಿಗೆ ನೆನಪಿಗೆ ಬಂತು.

ರಿಮೋಟನ್ನು ಸೆರಗಿಗೆ ಒರೆಸಿದರೆ ಸಾಕು. ಒಂದು ಸಲ ಒರೆಸಿದರೆ ಸಾಕು. ಹುಡುಗಿ ಹೋಗುತ್ತಾಳೆ, ಅಳಿಯ ಉಳಿಯುತ್ತಾನೆ.

ನನ್ನ ಹೆಸರನ್ನು ಮಡಿಲಲ್ಲಿಟ್ಟುಕೊಂಡ ಹುಡುಗಿ ಹೊಸ್ತಿಲು ದಾಟುತ್ತಿದ್ದಳು.

"ಸಾಹೇಬ್ರೇ," ಅಂದೆ. "ಅವಳ ತೋಳು ಬಿಡಿಸಿ. ಇಲ್ಲಿ ಬನ್ನಿ."

ಅಂಗೈ ಬಿಚ್ಚಿ ರಿಮೋಟು ತೋರಿಸಿದೆ, ಉಗುರು ತೋರಿಸಿದೆ. ಅವರು ಬಗ್ಗಿ ನೋಡಿದರು. ಜೇಬಿನಿಂದ ಕಾಗದ ತೆಗೆದು ಪುಡಿಯನ್ನು ಅದರ ಮೇಲೆ ಉದುರಿಸಿಕೊಂಡರು. ಆಮೇಲೆ ನಿಧಾನವಾಗಿ ನೆಟ್ಟಗಾಗಿ ಅಳಿಯನ ಕೈಯನ್ನೇ ದಿಟ್ಟಿಸಿದರು. ಪೇದೆಯಮ್ಮ ಹುಡುಗಿಯ ತೋಳು ಬಿಟ್ಟಳು.

"ಅತ್ತೆ," ಅಳಿಯ ಅಂದ. ಅಷ್ಟೇ.

"ಕ್ಷಮಿಸು ಅಂತ ಕೇಳಲ್ಲ ಕಣೋ. ನೀನು ಮಾಡಿಲ್ಲ ಅಂತ ಹೇಳು, ನಂಬ್ತೀನಿ. ಆದ್ರೆ ಆ ಹುಡುಗಿ ಮಾಡಿಲ್ಲ ಅನ್ನೋದು ನನಗೆ ಗೊತ್ತು."

ಅವನು ನನ್ನ ಮುಂದೆ ಬಂದು ಮೊಣಕಾಲೂರಿ ಕೂತ. ಕಾಗದದ ಮೇಲಿನ ಪುಡಿಗೆ ಮುಖ ಹತ್ತಿರ ತಂದ. ಅವನ ಹೆಗಲು ಸಡಿಲವಾಯಿತು. ಎರಡು ದಿನದಲ್ಲಿ ಮೊದಲ ಸಲ ಅವನ ಬಾಯಲ್ಲಿ ನಗುವಿನಂಥದೇನೋ ಬಂತು.

"ನಂದಲ್ಲ ಅತ್ತೆ, ಇದು. ನಂದು ಹಳದಿ. ನೋಡಿ ಸಾರ್, ನನ್ನ ಉಗುರು ನೋಡಿ. ಹಲ್ಲಿನ ಅಚ್ಚಿಗೆ ನಾನು ಹಾಕೋದು ಹಳದಿ ಪುಡಿ, ಒಣಗಿದ್ರೆ ಕಲ್ಲಾಗುತ್ತೆ. ಕೆರೆದ್ರೆ ಹೀಗೆ ಉದುರಲ್ಲ."

ಬೆಳಕಿಗೆ ಅವನ ಕೈ ಹಿಡಿದು ನೋಡಿದೆ. ನಿಜ. ನನ್ನ ಮಂಜುಗಣ್ಣಿಗೆ ಇಷ್ಟು ವರ್ಷ ಅದು ಬರೀ ಪುಡಿಯಾಗಿ ಕಂಡಿತ್ತು. ಅದು ಹಳದಿ.

"ಹಾಗಾದ್ರೆ ಇದೇನು?" ಇನ್‌ಸ್ಪೆಕ್ಟರು ಕೇಳಿದರು.

ಅಳಿಯ ಒಂದು ಚಿಟಿಕೆ ತೆಗೆದುಕೊಂಡು ಎರಡು ಬೆರಳ ನಡುವೆ ಉಜ್ಜಿದ. ದಿನವಿಡೀ ಪುಡಿಯ ಜೊತೆಯೇ ಬದುಕುವವನು, ಮುಟ್ಟಿದರೆ ಸಾಕು ಹೆಸರು ಹೇಳಬಲ್ಲ.

"ಇದು ಅಚ್ಚಿನ ಪುಡಿಯೇ ಅಲ್ಲ ಸಾರ್. ನುಣ್ಣಗಿದೆ, ಕೈಗೆ ಹತ್ತುತ್ತೆ. ಇದು ನಮ್ಮನೇಲಿ ದಿನಾ ಸಂಜೆ ಬಟ್ಟೆ ಕೊಡವಿದ್ರೆ ಬೀಳುತ್ತಲ್ಲ, ಅದೇ ಸೀಮೆಸು…"

ಅವನ ಬೆರಳು ಉಜ್ಜುವುದನ್ನು ನಿಲ್ಲಿಸಿತು. ನಗುವಿನಂಥದ್ದು ಮುಖದ ಮೇಲೆಯೇ ಉಳಿಯಿತು, ಒಳಗಿನಿಂದ ಮಾತ್ರ ಎಲ್ಲ ಖಾಲಿಯಾಯಿತು.

ನನ್ನ ಬೆನ್ನ ಹಿಂದೆ ಟೀ ತಟ್ಟೆಯನ್ನು ಮೇಜಿನ ಮೇಲೆ ಇಟ್ಟ ಸದ್ದು ಕೇಳಿತು. ಒಂದು ಲೋಟವೂ ಅಲುಗಲಿಲ್ಲ.

"ಯಾಕ್ರೀ ನಿಲ್ಲಿಸಿಬಿಟ್ರಿ?" ಅಂದಳು ಟೀಚರಮ್ಮ. "ಪೂರ್ತಿ ಹೇಳಿ."